ಹದಿನೈದು ನಿಮಿಷ ಮುಂದಿದ್ದ ಮನೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಷಣ್ಮುಖಪ್ಪನವರ ಮನೆ ಯಾವುದು ಅಂತ ವಿಚಾರಿಸಿ ನೋಡಿ, ಯಾರೂ ಮನೆ ನಂಬರು ಹೇಳುವುದಿಲ್ಲ. "ಗಡಿಯಾರ ಮುಂದೆ ಓಡ್ತದಲ್ಲ, ಆ ಮನೇನಾ?" ಅನ್ನುತ್ತಾರೆ. ಹಜಾರದ ಗೋಡೆ ಗಡಿಯಾರ, ಅಡುಗೆಮನೆಯ ಟೈಂಪೀಸು, ಷಣ್ಮುಖಪ್ಪನವರ ಕೈಗಡಿಯಾರ, ಎಲ್ಲವೂ ಹದಿನೈದು ನಿಮಿಷ ಮುಂದು. ಹತ್ತಲ್ಲ, ಇಪ್ಪತ್ತಲ್ಲ, ಸರಿಯಾಗಿ ಹದಿನೈದು. ಒಂದು ನಿಮಿಷ ಆಚೀಚೆ ಆದರೂ ಮನುಷ್ಯ ಸ್ಟೂಲು ಹತ್ತಿ ಸರಿ ಮಾಡುವವರೆಗೆ ಕಾಫಿ ಮುಟ್ಟುತ್ತಿರಲಿಲ್ಲ.

ಇದು ಶುರುವಾಗಿದ್ದು ಅರವತ್ತೆಂಟನೇ ಇಸವಿಯಲ್ಲಿ. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಕಾರ್ಖಾನೆಗೆ ಸೇರಿ ತಿಂಗಳಾಗಿತ್ತು, ಮದುವೆಯಾಗಿ ವಾರವಾಗಿತ್ತು. ಬೆಳಗಿನ ಪಾಳಿಗೆ ಮೂರೇ ಮೂರು ನಿಮಿಷ ತಡವಾಗಿ ಹೋದರು. ಗೇಟಿನಲ್ಲಿ ಹಾಜರಿ ಬರೆಯುತ್ತಿದ್ದ ಏಕಾಂತಪ್ಪ ಅನ್ನುವವರು, "ನಾಳೆ ಬಾರಪ್ಪ ಮದುಮಗ, ಇವತ್ತು ಹೋಗಿ ಇನ್ನೊಂದು ನಿದ್ದೆ ಮಾಡು" ಅಂದರು. ನೂರು ಜನ ಹೋ ಅಂತ ನಕ್ಕರು. ಷಣ್ಮುಖಪ್ಪ ತಲೆ ತಗ್ಗಿಸಿಕೊಂಡು ಮನೆಗೆ ಬಂದವರೇ ಗಡಿಯಾರ ಇಳಿಸಿ ಮುಳ್ಳು ತಿರುಗಿಸಿದರು. ಆಮೇಲೆ ಮೂವತ್ತಾರು ವರ್ಷ, ನಿವೃತ್ತಿಯಾಗುವ ದಿನದವರೆಗೆ, ಒಂದು ದಿನವೂ ತಡವಾಗಿ ಹೋಗಲಿಲ್ಲ. ಅದನ್ನು ಕೇಳಿದವರಿಗೂ ಹೇಳಿದರು, ಕೇಳದವರಿಗೂ ಹೇಳಿದರು.

ತಮಾಷೆ ಏನೆಂದರೆ, ಆ ಮನೆಯಲ್ಲಿ ಯಾರೂ ಆ ಗಡಿಯಾರಗಳನ್ನು ನಂಬುತ್ತಿರಲಿಲ್ಲ. ಮುಳ್ಳು ನೋಡುವುದು, ಮನಸ್ಸಿನಲ್ಲೇ ಹದಿನೈದು ಕಳೆಯುವುದು, ಬಾಯಲ್ಲಿ ಸರಿಯಾದ ಹೊತ್ತು ಹೇಳುವುದು. ಷಣ್ಮುಖಪ್ಪನವರ ಹೆಂಡತಿ ಶಂಕರಮ್ಮ ಬದುಕಿದ್ದಾಗ, "ಮುಂದಿಟ್ಟು ಮತ್ತೆ ಕಳೆಯೋದಾದ್ರೆ ಮುಂದಿಡೋದು ಯಾತಕ್ಕೆ ಅಂತೀನಿ" ಎಂದು ರೇಗುತ್ತಿದ್ದರು. ಅವರೂ ಕಳೆದೇ ಹೇಳುತ್ತಿದ್ದರು ಅನ್ನಿ. ಮಗ ಪ್ರಸನ್ನಕುಮಾರ್ ಹುಟ್ಟಿದಾಗಿನಿಂದ ಕಳೆಯುತ್ತಲೇ ಬೆಳೆದ. ಸೊಸೆ ಸೌಂದರ್ಯ ಬಂದ ಒಂದೇ ವಾರದಲ್ಲಿ ಕಲಿತಳು. ಐದು ವರ್ಷ ಕಳೆಯುವಷ್ಟರಲ್ಲಿ ಅವಳಿಗೆ ಕಳೆಯುತ್ತಿದ್ದೇನೆ ಅನ್ನುವುದೇ ಮರೆತುಹೋಗಿತ್ತು.

ಸೌಂದರ್ಯ ಶಿವಮೊಗ್ಗದ ಗೋಪಾಳದಲ್ಲಿದ್ದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಮೆರಿಕದ ಡಾಕ್ಟರುಗಳು ರೋಗಿಗಳ ವಿಷಯ ಬಾಯಲ್ಲಿ ಹೇಳಿ ರೆಕಾರ್ಡು ಮಾಡಿ ಕಳಿಸುತ್ತಿದ್ದರು; ಇಲ್ಲಿ ಹುಡುಗಿಯರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅದನ್ನು ಟೈಪು ಮಾಡಬೇಕು. ಪ್ರಸನ್ನಕುಮಾರ್ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತ. ಅವನ ಸಂಬಳ ಅಷ್ಟಕ್ಕಷ್ಟೇ. ಮನೆ ನಡೆಯುತ್ತಿದ್ದದ್ದು ಸೊಸೆಯ ದುಡಿಮೆಯಲ್ಲಿ.

ಅವಳಿಗೆ ಎರಡು ಸಲ ಬಸಿರು ನಿಂತು ಹೋಗಿತ್ತು. ಎರಡನೆಯದು ಹೋಗಿದ್ದು ಬಸ್ಸಿನಲ್ಲೇ, ಮಲವಗೊಪ್ಪ ದಾಟುವಾಗ, ನಿಂತುಕೊಂಡು ಹೋಗುತ್ತಿದ್ದಾಗ. ಈಗ ಮೂರನೆಯ ಸಲ, ನಾಲ್ಕು ತಿಂಗಳು. ಡಾಕ್ಟರ್ ಜಯಶೀಲಾ ಬೆರಳೆತ್ತಿ ಹೇಳಿದ್ದರು: "ನೋಡಮ್ಮ, ಈ ಸಲ ಬಸ್ಸು ಹತ್ತಿದ್ಯೋ, ನಾನು ಜವಾಬ್ದಾರಳಲ್ಲ. ಮನೆಯಲ್ಲಿ ಕೂತು ಏನು ಬೇಕಾದ್ರೂ ಮಾಡು."

ಆಫೀಸಿನಲ್ಲಿ ಬಸವರಾಜೇಶ್ವರಿ ಮೇಡಂ ಮನೆಯಿಂದ ಕೆಲಸ ಮಾಡಲು ಒಪ್ಪಿದರು. ಆದರೆ ಶರತ್ತು ಹಾಕಿದರು. ರೋಗಿಗಳ ವಿಷಯ ಗುಟ್ಟಿನದು, ಆದ್ದರಿಂದ ವಿಪಿಎನ್ ಅನ್ನುವ ಬೀಗ ಹಾಕಿದ ದಾರಿಯಲ್ಲಲ್ಲದೆ ಒಂದು ಫೈಲೂ ಆಚೆ ಬಿಡುವುದಿಲ್ಲ. ಗುರುವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಮನೆಯ ಕಂಪ್ಯೂಟರಿನಿಂದ ವಿಪಿಎನ್ ಸೇರಿ ಒಂದು ಪರೀಕ್ಷೆಯ ಫೈಲು ಕಳಿಸಬೇಕು. ಆಗದಿದ್ದರೆ ಅವತ್ತೇ ಎರಡು ಗಂಟೆಯ ಪಾಳಿಗೆ ಆಫೀಸಿಗೆ ಬಂದು ಕೂರಬೇಕು. ಅದೂ ಆಗದಿದ್ದರೆ ಆ ಕುರ್ಚಿ ಬೇರೆಯವರಿಗೆ. ಇದು ಎರಡು ಸಾವಿರದ ಆರನೇ ಇಸವಿ. ಆ ಕುರ್ಚಿಗೆ ಶಿವಮೊಗ್ಗದಲ್ಲಿ ಇಪ್ಪತ್ತು ಹುಡುಗಿಯರು ಕಾಯುತ್ತಿದ್ದರು.

ಮನೆಗೆ ಬ್ರಾಡ್‌ಬ್ಯಾಂಡ್ ಬಂತು, ಕಂಪ್ಯೂಟರೂ ಬಂತು. ಅದನ್ನು ಜೋಡಿಸಿಕೊಟ್ಟವನು ಸಿದ್ದು. ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಷಣ್ಮುಖಪ್ಪ ಆವತ್ತು ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಒಂದೇ ಒಂದು ವಿಷಯ ಕೇಳಿ ಕಲಿತರು: ಪರದೆಯ ಮೂಲೆಯಲ್ಲಿರುವ ಗಡಿಯಾರವನ್ನು ತಿದ್ದುವುದು ಹೇಗೆ. ಸಿದ್ದು ಅತ್ತ ಹೋದದ್ದೇ ತಡ, ಹದಿನೈದು ನಿಮಿಷ ಮುಂದಿಟ್ಟರು. ಭಾನುವಾರ ನೋಡಿದರೆ ಅದು ತಾನಾಗಿಯೇ ಹಿಂದಕ್ಕೆ ಬಂದಿತ್ತು! "ಏನಿದರ ಸೊಕ್ಕು" ಅಂದುಕೊಂಡು ಹುಡುಕಿ, ತಾನಾಗಿ ಸರಿಮಾಡಿಕೊಳ್ಳುವ ಆ ಟಿಕ್ ಗುರುತನ್ನೂ ತೆಗೆದು ಹಾಕಿದರು. ಸೌಂದರ್ಯ ಅದನ್ನು ನೋಡಿದ್ದಳು. ಮನೆಯ ಇನ್ನೊಂದು ಗಡಿಯಾರ ಅಂದುಕೊಂಡು ಸುಮ್ಮನಾಗಿದ್ದಳು.

ಸೋಮವಾರದಿಂದ ಶುರುವಾಯಿತು ನೋಡಿ ಪೀಕಲಾಟ. ಆಫೀಸಿನವರು ಕೊಟ್ಟ ಸಿ.ಡಿ. ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಕಿಟಕಿ ತೆರೆದುಕೊಂಡಿತು. ಅದರಲ್ಲಿ ಆರಂಕಿಯ ನಂಬರು, ನಿಮಿಷಕ್ಕೊಂದು ಹೊಸದು. ಹೆಸರು, ಪಾಸ್‌ವರ್ಡು, ಜೊತೆಗೆ ಆ ನಿಮಿಷದ ನಂಬರು ಕೊಟ್ಟರೆ ಬಾಗಿಲು ತೆರೆಯಬೇಕು. ಸೌಂದರ್ಯ ಕೊಟ್ಟಳು. 'ತಪ್ಪು' ಅಂತ ಬಂತು. ಮತ್ತೆ ಕೊಟ್ಟಳು. ತಪ್ಪು. ಮೂರನೆಯ ಸಲ ತಪ್ಪಾದರೆ ಬಾಗಿಲಿಗೆ ಬೀಗ. ಬೀಗ ತೆಗೆಸಲು ಗೋಪಾಳದ ಆಫೀಸಿನ ಸಿಸ್ಟಮ್ ವಿಭಾಗದ ಮಧು ಅನ್ನುವವನಿಗೆ ಫೋನು ಮಾಡಬೇಕು. ಅವನೋ ಒಂದು ಕಿವಿಯಲ್ಲಿ ಇವಳನ್ನು, ಇನ್ನೊಂದು ಕಿವಿಯಲ್ಲಿ ಬೇರೆ ನಾಲ್ಕು ಜನರನ್ನು ಕೇಳಿಸಿಕೊಳ್ಳುವ ಮನುಷ್ಯ.

ಮಂಗಳವಾರ ಸಿದ್ದು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದ; ಗಡಿಯಾರ ಮುಂದೆಯೇ ಇತ್ತು, ಷಣ್ಮುಖಪ್ಪ ಆ ಟಿಕ್ ಗುರುತನ್ನು ಮತ್ತೆ ತೆಗೆದರು. ತಪ್ಪು. ಬುಧವಾರ ಮೋಡೆಮ್ ಬದಲಾಯಿಸಿದ, ಎರಡೆರಡು ಸಲ ಕೇಬಲ್ ಬದಲಾಯಿಸಿದ. ತಪ್ಪು. ಅವನೂ ಈ ಬೀದಿಯವನೇ. ಪರದೆಯ ಮೇಲೆ ಆರೂ ಕಾಲು ಅಂತಿದ್ದರೆ ಆರು ಅಂದುಕೊಂಡು ಮನೆಗೆ ಹೊರಡುವವನೇ. ಸೌಂದರ್ಯ ಬುಧವಾರ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಷಣ್ಮುಖಪ್ಪನವರಿಗೆ ಕೇಳಿಸಿತು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಹೀಗೆ ಅಳಬಾರದು ಅಂತ ಹೇಳಲು ಹೆಂಗಸರು ಯಾರೂ ಮನೆಯಲ್ಲಿರಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಸಿದ್ದು ಮತ್ತೆ ಬಂದ. ಪ್ರಸನ್ನಕುಮಾರ್ ಮಂಡಿಗೆ ಹೋಗಿದ್ದ. ಮನೆಗಿದ್ದ ಒಂದೇ ಮೊಬೈಲು ಅವನ ಜೇಬಿನಲ್ಲಿತ್ತು. ಸಿದ್ದು ಅರ್ಧ ಗಂಟೆ ಏನೇನೋ ಒತ್ತಿದ, ಬೆವರು ಒರೆಸಿಕೊಂಡ, ಕೊನೆಗೆ, "ನನ್ ಕೈಲಾಗೋದು ಎಲ್ಲ ಮಾಡಿದೀನಿ ಅಕ್ಕ. ಇದು ಆಫೀಸಿನವರದ್ದೇ ತಪ್ಪು" ಅಂದ.

ಷಣ್ಮುಖಪ್ಪನವರ ತಾಳ್ಮೆ ತಪ್ಪಿತು. "ನಾಲ್ಕು ದಿನದಿಂದ ಅವ್ರ ತಪ್ಪು ಇವ್ರ ತಪ್ಪು ಅಂತಿದೀಯಲ್ಲ ಮಾರಾಯ! ಕೆಲಸ ಬರದಿದ್ರೆ ಬರಲ್ಲ ಅನ್ನು. ನಿನ್ನಂಥವನನ್ನ ನಮ್ಮ ಕಾರ್ಖಾನೇಲಿ ಗುಡಿಸೋಕೂ ಇಟ್ಕೊಳ್ತಿರಲಿಲ್ಲ."

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಎದುರುಮನೆಯವರು ತಿರುಗಿ ನೋಡಿದರು. ಸಿದ್ದುವಿನ ಮುಖ ಕಪ್ಪಿಟ್ಟಿತು. ಸ್ಕ್ರೂಡ್ರೈವರು ಜೇಬಿಗೆ ಹಾಕಿಕೊಂಡು, "ಆಯ್ತು ಯಜಮಾನ್ರೇ, ಗುಡಿಸೋಕೆ ಬರೋರನ್ನ ಕರ್ಕೊಂಡು ಬಂದು ಮಾಡಿಸ್ಕೊಳಿ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಸೌಂದರ್ಯ ಮತ್ತೆ ಮಧುವಿಗೆ ಫೋನು ಹಚ್ಚಿದಳು. ಎಂಗೇಜು. ಮತ್ತೆ ಎಂಗೇಜು. ಸಿಕ್ಕಾಗ ಹನ್ನೆರಡು ದಾಟಿತ್ತು. ಎರಡೂ ಕೈ ಖಾಲಿ ಇರಲಿ ಅಂತ ಫೋನಿನ ಸ್ಪೀಕರ್ ಒತ್ತಿದಳು. ಮಧುವಿನ ದನಿ ಹಜಾರಕ್ಕೆಲ್ಲ ಕೇಳಿಸಿತು.

"ಮೇಡಂ, ಅನ್‌ಲಾಕ್ ಮಾಡಿದೀನಿ. ನಿಧಾನಕ್ಕೆ ಹಾಕಿ."

ಹಾಕಿದಳು. ತಪ್ಪು. ಮತ್ತೆ ತಪ್ಪು. ಮತ್ತೆ ತಪ್ಪು, ಬೀಗ.

"ಇದೇನು ಮೇಡಂ ಇದು! ಎಲ್ಲರಿಗೂ ಆಗ್ತಿದೆ, ನಿಮಗೊಬ್ಬರಿಗೇ ಆಗ್ತಿಲ್ಲ." ಅವನೂ ಸುಸ್ತಾಗಿದ್ದ. "ಒಂದು ನಿಮಿಷ. ಆ ನಂಬರ್ ಟೈಮ್ ನೋಡ್ಕೊಂಡೇ ಹುಟ್ಟೋದು. ನಿಮ್ಮ ಕಂಪ್ಯೂಟರ್‌ನಲ್ಲಿ ಟೈಮ್ ಎಷ್ಟು ತೋರಿಸ್ತಿದೆ, ಹೇಳಿ?"

ಸೌಂದರ್ಯ ಪರದೆಯ ಮೂಲೆ ನೋಡಿದಳು. "ಹನ್ನೆರಡೂ ಹತ್ತು" ಅಂದಳು.

"ಇಲ್ಲೂ ಅಷ್ಟೇ ಇದೆ. ಹಾಗಾದ್ರೆ ಅದಲ್ಲ ಬಿಡಿ. ನೋಡಿ ಮೇಡಂ, ನನಗಿನ್ನು ಗೊತ್ತಾಗ್ತಿಲ್ಲ. ನೀವು ಬಸವರಾಜೇಶ್ವರಿ ಮೇಡಂ ಹತ್ರ ಮಾತಾಡಿಬಿಡಿ."

ಅವಳ ಹಿಂದೆ ನಿಂತಿದ್ದ ಷಣ್ಮುಖಪ್ಪ ಕನ್ನಡಕ ಸರಿ ಮಾಡಿಕೊಂಡು ಪರದೆ ನೋಡಿದರು. ಅಲ್ಲಿ ಹನ್ನೆರಡೂ ಇಪ್ಪತ್ತೈದು ಅಂತಿತ್ತು.

ಮೊದಲು ಅವರಿಗೆ ಏನೂ ಅನ್ನಿಸಲಿಲ್ಲ. ಸರಿಯಾಗೇ ಹೇಳಿದಳಲ್ಲ, ಹದಿನೈದು ಕಳೆದು. ಆಮೇಲೆ ಮಧುವಿನ ಪ್ರಶ್ನೆಯನ್ನು ಮನಸ್ಸಿನಲ್ಲೇ ಇನ್ನೊಂದು ಸಲ ಕೇಳಿಕೊಂಡರು. ಆ ಹುಡುಗ ಕೇಳಿದ್ದು ಎಷ್ಟು ಹೊತ್ತಾಯಿತು ಅಂತಲ್ಲ. ಮಿಷಿನ್ನು ಏನು ತೋರಿಸುತ್ತಿದೆ ಅಂತ. ಮಿಷಿನ್ನಿಗೆ ಕಳೆಯುವುದು ಗೊತ್ತಿಲ್ಲ. ಅದು ಹದಿನೈದು ನಿಮಿಷ ಆದ ಮೇಲಿನ ನಂಬರನ್ನು ಈಗಲೇ ಹೆತ್ತು ಕೊಡುತ್ತಿದೆ. ನಾಲ್ಕು ದಿನದಿಂದ ಕೊಡುತ್ತಿದೆ. ಕೊಡು ಅಂತ ಹೇಳಿಟ್ಟವನು ನಾನು.

ಸೌಂದರ್ಯ ಫೋನು ಇಟ್ಟು ಎದ್ದಳು. "ಮಾವ, ನಾನು ಹನ್ನೆರಡೂವರೆ ಬಸ್ಸಿಗೆ ಹೋಗ್ತೀನಿ. ಎರಡು ಗಂಟೆಗೆ ಹೋಗಿ ಕೂತ್ರೆ ಕೆಲಸನಾದ್ರೂ ಉಳೀತದೆ." ಸೀರೆ ಬದಲಾಯಿಸಲು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಆ ಬಾಗಿಲಿಗೂ ಷಣ್ಮುಖಪ್ಪನವರಿಗೂ ನಡುವೆ ಆರು ಹೆಜ್ಜೆ. ಹೋಗಿ ಬಾಗಿಲು ತಟ್ಟಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಬೇಕು ಅಂತ ಎರಡು ಹೆಜ್ಜೆ ಇಟ್ಟರು ಕೂಡ. ಆದರೆ ಸಿದ್ದುವಿನ ಮುಖ ಕಣ್ಣೆದುರು ಬಂತು. ಎದುರುಮನೆಯವರು ನೋಡಿದ್ದು ನೆನಪಾಯಿತು. ಬಚ್ಚಲಲ್ಲಿ ನಲ್ಲಿ ಹರಿದ ಸದ್ದು ನೆನಪಾಯಿತು. ಅದೆಲ್ಲಕ್ಕೂ ಕಾರಣ ನಾನೇ, ನನ್ನ ಈ ಹಾಳು ಹಟವೇ ಅಂತ ಸೊಸೆಯ ಎದುರು ನಿಂತು ಹೇಗೆ ಹೇಳುವುದು? ನನಗೇನು ಕಂಪ್ಯೂಟರು ಗೊತ್ತೇ, ಅದು ಕಾರಣ ಅಲ್ಲದೆಯೂ ಇರಬಹುದು, ಸುಮ್ಮನೆ ಏನೋ ಹೇಳಿ ಅವಳಿಗೆ ಇರುವ ಬಸ್ಸೂ ತಪ್ಪಿದರೆ? ಹೀಗೆ ತಮಗೆ ತಾವೇ ಒಂದು ನೆವ ಹೇಳಿಕೊಂಡರು. ಒಳ್ಳೆಯ ನೆವ. ಅದು ನೆವ ಅಂತ ಅವರಿಗೆ ಗೊತ್ತಿತ್ತು.

ಸೌಂದರ್ಯ ಹೊರಗೆ ಬಂದಳು. ಬ್ಯಾಗು ಹೆಗಲಿಗೇರಿಸಿ, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮೆಟ್ಟಿಲಿಳಿದಳು.

"ಜೋಪಾನವಾಗಿ ಹೋಗವ್ವ" ಅಂದಿತು ಷಣ್ಮುಖಪ್ಪನವರ ಬಾಯಿ.

ಗೇಟು ಕಿರ್ರೆಂದು ಮುಚ್ಚಿಕೊಂಡಿತು. ಆಮೇಲೆ ಬೀದಿಯಲ್ಲಿ ಅವಳ ಚಪ್ಪಲಿಯ ಸದ್ದೂ ಕೇಳಿಸಲಿಲ್ಲ. ಆಗ ಆ ಮನುಷ್ಯನಿಗೆ ಎರಡನೆಯ ಬಸಿರು ನೆನಪಾಯಿತು. ಮಲವಗೊಪ್ಪದ ಆ ದಿನ ಸುದ್ದಿ ಕೇಳಿ ಓಡಿಹೋಗಿ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದವರಲ್ಲಿ ಅವರೂ ಒಬ್ಬರು. ನೆತ್ತರಲ್ಲಿ ನೆನೆದ ಆ ಸೀರೆಯನ್ನು ಅವರು ಮರೆಯುವ ಹಾಗಿರಲಿಲ್ಲ.

ಫೋನಿನ ಪಕ್ಕದ ಪುಸ್ತಕದಲ್ಲಿ ಮಧುವಿನ ನಂಬರಿತ್ತು. ಒತ್ತಿದರು. ದೇವರು ದೊಡ್ಡವನು, ಒಂದೇ ಸಲಕ್ಕೆ ಸಿಕ್ಕಿತು.

"ಸ್ವಾಮಿ, ನಾನು ಸೌಂದರ್ಯನ ಮಾವ. ಕಂಪ್ಯೂಟರ್ ಗಡಿಯಾರ ಹದಿನೈದು ನಿಮಿಷ ಮುಂದಿದೆ. ಅವಳು ಕಳೆದು ಹೇಳಿದ್ಲು. ನಮ್ಮನೇಲಿ ಎಲ್ಲರೂ ಕಳೆದೇ ಹೇಳೋದು. ಮುಂದಿಟ್ಟಿದ್ದು ನಾನೇ."

"ಏನಂದ್ರಿ? ಕಳೆದು... ಅಯ್ಯೋ ಶಿವನೇ!" ಮಧು ಹಣೆ ಚಚ್ಚಿಕೊಂಡದ್ದು ಫೋನಿನಲ್ಲೇ ಕೇಳಿಸಿತು. "ಅದನ್ನ ಸರಿ ಮಾಡಿ ಅಜ್ಜಾರೆ, ಆಗೇ ಆಗ್ತದೆ. ಈಗ್ಲೇ ಅನ್‌ಲಾಕ್ ಮಾಡ್ತೀನಿ. ಅವರನ್ನ ಕೂರಿಸಿ ಬೇಗ. ಒಂದು ಗಂಟೆಗೆ ಮೇಡಂ ಲಿಸ್ಟ್ ತಗೊಂಡುಬಿಡ್ತಾರೆ."

"ಅವಳು ಬಸ್ಸಿಗೆ ಹೋದ್ಲಲ್ಲಪ್ಪ!"

"ಮತ್ತೆ ನನ್ ಹತ್ರ ಏನು ಮಾತಾಡ್ತಾ ನಿಂತಿದೀರಿ? ಓಡಿ!"

ಓಡಿದರು. ಉಟ್ಟ ಪಂಚೆ, ತೊಟ್ಟ ಬನಿಯನ್ನು, ಕಾಲಲ್ಲಿ ಚಪ್ಪಲಿಯಿಲ್ಲ. ಮನೆಯ ಬಾಗಿಲು ಹಾಕಲಿಲ್ಲ. ಅರವತ್ತು ವರ್ಷದ ಮನುಷ್ಯ, ಮಂಡಿ ನೋವಿನವರು, ನಡುಮಧ್ಯಾಹ್ನದ ಬಿಸಿಲಲ್ಲಿ ನ್ಯೂ ಟೌನಿನ ರಸ್ತೆಯಲ್ಲಿ ಹಾಗೆ ಓಡಿದ್ದನ್ನು ನೋಡಿ ಯಾರೋ, "ಯಾರಿಗೇನಾಯ್ತು ಷಣ್ಮುಖಪ್ಪೋರೇ?" ಅಂತ ಕೂಗಿದರು. ಅವರಿಗೆ ಉತ್ತರ ಕೊಡುವಷ್ಟು ಉಸಿರಿರಲಿಲ್ಲ.

ಸ್ಟಾಪಿನಲ್ಲಿ ಪ್ರೈವೇಟ್ ಬಸ್ಸು ಗುರುಗುಟ್ಟುತ್ತಾ ನಿಂತಿತ್ತು. ಕಂಡಕ್ಟರು ರೈಟ್ ಅನ್ನುತ್ತಿದ್ದಂತೆ ಷಣ್ಮುಖಪ್ಪ ಹೋಗಿ ಬಾಗಿಲಿನ ಕಂಬಿ ಹಿಡಿದುಕೊಂಡರು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ.

"ಸೌಂದರ್ಯ! ಇಳಿಯವ್ವ, ಇಳಿ!"

ಅವಳಿಗೆ ಸೀಟು ಸಿಕ್ಕಿರಲಿಲ್ಲ. ನಡುವೆ ಕಂಬಿ ಹಿಡಿದು ನಿಂತಿದ್ದಳು. ಮಾವನನ್ನು ಆ ವೇಷದಲ್ಲಿ ನೋಡಿ ಹೌಹಾರಿದಳು. "ಏನಾಯ್ತು ಮಾವ? ಇವ್ರಿಗೇನಾದ್ರೂ ಆಯ್ತಾ?"

"ಯಾರಿಗೂ ಏನೂ ಆಗಿಲ್ಲ. ಗಡಿಯಾರ ಕಣವ್ವ! ಕಂಪ್ಯೂಟರ್‌ಗೆ ನಾನಿಟ್ಟ ಟೈಮ್ ತಪ್ಪು. ಅದಕ್ಕೇ ಆಗ್ತಿರಲಿಲ್ಲ. ಮಧು ಹೇಳಿದಾನೆ, ಆಗ್ತದಂತೆ. ಇಳಿ!"

"ಯಜಮಾನ್ರೇ, ಕೈ ಬಿಡಿ" ಅಂದ ಕಂಡಕ್ಟರು. "ಟೈಮಿಂಗ್ಸ್ ಇದೆ ನಮ್ದು. ಹಿಂದಿನ ಬಸ್‌ನೋನು ಬಂದು ಜಗಳ ತೆಗೀತಾನೆ."

"ತೆಗೀಲಿ."

"ಲೇಟಾಗ್ತದೆ ಅಂದ್ರೆ!"

"ಆಗ್ಲಿ ಕಣಯ್ಯ! ಆದ್ರೆ ಆಗ್ಲಿ! ನನ್ನ ಸೊಸೆ ಇಳಿಯೋವರೆಗೂ ಬಿಡಲ್ಲ ನಾನು."

ಬಸ್ಸಿನಲ್ಲಿದ್ದವರು ನಕ್ಕರು. ಕೆಲವರು ಬೈದರು. ಷಣ್ಮುಖಪ್ಪನವರಿಗೆ ಅವತ್ತು ಯಾರ ನಗುವೂ ತಾಗಲಿಲ್ಲ. ಸೌಂದರ್ಯ ಜನರನ್ನು ಸರಿಸಿಕೊಂಡು ಬಂದು ಇಳಿದಳು. ಆಟೋದವನಿಗೆ ಷಣ್ಮುಖಪ್ಪ ಒಂದು ಉಸಿರಿಗೆ "ಬೇಗ ಹೋಗಪ್ಪ" ಅಂದರು, ಇನ್ನೊಂದು ಉಸಿರಿಗೆ "ಮೆಲ್ಲಗೆ, ಹಳ್ಳ ನೋಡ್ಕೊಂಡು" ಅಂದರು. ಅವನು ತಿರುಗಿ ನೋಡಿ, "ಎರಡ್ರಲ್ಲಿ ಒಂದು ಹೇಳಿ ಸಾರ್" ಅಂದ.

ಮನೆಗೆ ಬಂದಾಗ ಹನ್ನೆರಡೂ ನಲವತ್ತೆಂಟು. ಪರದೆಯ ಮೇಲೆ ಒಂದೂ ಮೂರು. ಷಣ್ಮುಖಪ್ಪನವರೇ ಕೂತು ಅದನ್ನು ಹಿಂದಕ್ಕೆ ತಂದರು. ಅವರಿಗೆ ಆ ಯಂತ್ರದಲ್ಲಿ ಬರುತ್ತಿದ್ದದ್ದು ಅದೊಂದೇ ಕೆಲಸ. ಎದ್ದು ಕುರ್ಚಿ ಬಿಟ್ಟುಕೊಟ್ಟರು. ಸೌಂದರ್ಯ ಹೆಸರು ಹೊಡೆದಳು, ಪಾಸ್‌ವರ್ಡು ಹೊಡೆದಳು, ಆರಂಕಿ ಹೊಡೆದಳು. ಅವಸರದಲ್ಲಿ ಒಂದಂಕಿ ತಪ್ಪಿತು. ಅಳಿಸಿ ಮತ್ತೆ ಹೊಡೆದಳು. ಪರದೆ ಯೋಚನೆ ಮಾಡುತ್ತಾ ಕೂತಿತು. ಷಣ್ಮುಖಪ್ಪ ಕಣ್ಣು ಮುಚ್ಚಿಕೊಂಡರು.

"ಬಂತು" ಅಂದಳು ಅವಳು.

ಪರೀಕ್ಷೆಯ ಫೈಲು ಎರಡು ನಿಮಿಷದ್ದು, ಯಾರೋ ಮುದುಕಿಯ ಸೊಂಟದ ನೋವಿನ ವಿಷಯ. ಕೇಳಿ, ಟೈಪು ಮಾಡಿ, ಕಳಿಸಿದಾಗ ಒಂದಕ್ಕೆ ಎರಡೇ ನಿಮಿಷ ಬಾಕಿ. ಮಧು ಫೋನು ಮಾಡಿ ಮೇಡಂ ಒಪ್ಪಿದರು ಅಂದ. ಸೌಂದರ್ಯ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಕುರ್ಚಿ ತಿರುಗಿಸಿ ಮಾವನನ್ನು ನೋಡಿದಳು. ಐದು ವರ್ಷದಲ್ಲಿ ಅವಳು ಅವರಿಗೆ ದನಿಯೆತ್ತಿ ಮಾತಾಡಿರಲಿಲ್ಲ.

"ನಾಲ್ಕು ದಿನ ಮಾವ! ನಾಲ್ಕು ದಿನ ಸತ್ತು ಸುಣ್ಣವಾದೆ ನಾನು. ಬಸ್ಸು ಹತ್ತಿದಾಗ ನನ್ನ ಮನಸ್ಸಲ್ಲಿ ಏನಿತ್ತು ಗೊತ್ತಾ ನಿಮಗೆ? ಇದೂ ಹೋಗ್ತದೆ ಅಂತಿತ್ತು. ಹೋಗ್ತದೆ ಅಂತ ಗೊತ್ತಿದ್ದೇ ಹತ್ತಿದೆ."

ಷಣ್ಮುಖಪ್ಪನವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಇಷ್ಟಕ್ಕೆ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಂದ ಬಿಡಲಾಗಲಿಲ್ಲ.

"ನೀನು ಹೊರಡೋ ಮುಂಚೇನೇ ನನಗೆ ಗೊತ್ತಾಗಿತ್ತವ್ವ."

"ಏನು?"

"ಗಡಿಯಾರದ್ದು. ನೀನು ಸೀರೆ ಉಟ್ಕೊಳ್ಳೋಕೆ ಒಳಗೆ ಹೋದ್ಯಲ್ಲ, ಆವಾಗ್ಲೇ."

ಸೌಂದರ್ಯ ಅವರ ಮುಖವನ್ನೇ ನೋಡಿದಳು. "ಮತ್ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು."

ಅವಳು ಈ ಸಲ ದನಿಯೆತ್ತದೆ, ಸಿಟ್ಟೂ ಇಲ್ಲದೆ ಹೇಳಿದಳು: "ನಮ್ಮಪ್ಪ ಆಗಿದ್ರೆ ಹೇಳ್ತಿದ್ರು ಮಾವ." ಹೆಡ್‌ಫೋನು ಹಾಕಿಕೊಂಡು ಪರದೆಯ ಕಡೆ ತಿರುಗಿದಳು.

ಅವಳು ಮನೆಯಲ್ಲೇ ಕೂತು ಆ ಕೆಲಸ ಮಾಡಿದಳು, ಕೂಸೂ ಸುಖವಾಗಿ ಹುಟ್ಟಿತು. ಅಕ್ಷಯಾ ಅಂತ ಹೆಸರಿಟ್ಟರು. ಸಿದ್ದುವಿನ ಅಂಗಡಿಗೆ ಹೋಗಿ, ನಾಲ್ಕು ಜನರ ಎದುರಿಗೆ ತಪ್ಪಾಯಿತು ಅಂತ ಹೇಳಿ ಬಂದರು ಷಣ್ಮುಖಪ್ಪ. ಈಗ ಮನೆಗೆ ಯಾರೇ ಬರಲಿ, ಗಡಿಯಾರದ ಕತೆ ಹೇಳದೆ ಕಳಿಸುವುದಿಲ್ಲ. ಬನಿಯನ್ನಿನಲ್ಲಿ ಓಡಿದ್ದು, ಬಸ್ಸು ತಡೆದದ್ದು, ಕಂಡಕ್ಟರು ಬೈದದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಾರೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಸೊಸೆ ಒಳಗೆ ಸೀರೆ ಉಡುತ್ತಿದ್ದ ಆ ಹೊತ್ತನ್ನು ಮಾತ್ರ ಬಿಟ್ಟು, ಅವಳು ಹೋದ ಮೇಲೆ ತಮಗೆ ಹೊಳೆಯಿತು ಅಂತ ಹೇಳುತ್ತಾರೆ. ಸೌಂದರ್ಯ ಕಾಫಿ ತಂದಿಡುತ್ತಾ ಅದನ್ನು ಕೇಳಿಸಿಕೊಳ್ಳುತ್ತಾಳೆ. ಇಂದಿನವರೆಗೆ ಅವಳು ಅದನ್ನು ಯಾರೆದುರೂ ತಿದ್ದಿಲ್ಲ, ಗಂಡನಿಗೂ ಹೇಳಿಲ್ಲ.